ವುಝೂ ನೀರಿಗೆ ಬೆಳೆದ ಕುಂಬಳ

“ಹಿತ್ತಲಲ್ಲಿ ಭಾರೀ ಕುಂಬಳ ಬಿಟ್ಟಿದೆ, ಕೊಯ್ಯೋ ಮೊದಲು ಬಾ ಬೇಟಾ” ಎಂದು ಜಗಳೂರಿನ ಖಾಲಾ ಫೋನ್ ಮಾಡಿದಾಗ ನನಗೆ ನಂಬಿಕೆ ಬರಲಿಲ್ಲ. ಬೇಸಿಗೆಯಲ್ಲಿ ಕುಡಿಯುವ ನೀರಿಗೇ ಟ್ಯಾಂಕರ್ ಕಾಯುವ ಬೀದಿ ಅವರದು. ರಜೆ ಇತ್ತು. ದಾರಿಯಲ್ಲಿ ಬಂಧುಗಳನ್ನೂ ಕಂಡು ಹೋಗೋಣವೆಂದು ಹೊರಟೆ.

ಮೊದಲು ಚನ್ನಗಿರಿ. ಶಾಂತಿಸಾಗರದಂಥ ದೊಡ್ಡ ಕೆರೆ, ಭದ್ರಾ ನಾಲೆ, ಅಡಿಕೆ ತೋಟಗಳ ಸೀಮೆ. ಬಂಧುಗಳ ಮನೆಯ ತಿಪ್ಪೆಯ ಮೇಲೆ ಕುಂಬಳದ ಬಳ್ಳಿ ತಾನಾಗಿಯೇ ಹಬ್ಬಿತ್ತು. ಏಳೆಂಟು ಕಾಯಿಗಳಿದ್ದವು. ಆದರೆ ಯಾವುದೂ ಮೂರು ಕೆ.ಜಿ. ದಾಟುವಂತಿರಲಿಲ್ಲ.

ಹೊನ್ನಾಳಿಯಿಂದ ಬೇರೆಯಾಗಿ ತಾಲೂಕಾದ ನ್ಯಾಮತಿಯಲ್ಲಿ ಇದರ ಕಾರಣ ತಿಳಿಯಿತು. ಅಲ್ಲಿನ ಆಪಾ ಫಜ್ರ್ ನಮಾಝಿನ ನಂತರ ನನ್ನನ್ನು ಹಿತ್ತಲಿಗೆ ಕರೆದೊಯ್ದರು. ಬುಡದಲ್ಲಿ ಪುಟ್ಟ ಕಾಯಿ ಇರುವುದು ಹೆಣ್ಣು ಹೂ, ಬರೀ ತೊಟ್ಟಿರುವುದು ಗಂಡು ಹೂ. ಬೆಳಗ್ಗೆ ಹೂ ಅರಳಿರುವಾಗಲೇ ಗಂಡು ಹೂವಿನ ಪರಾಗವನ್ನು ಹೆಣ್ಣು ಹೂವಿಗೆ ಸವರಿದರೆ ಜೇನ್ನೊಣ ಬಾರದಿದ್ದರೂ ಕಾಯಿ ಕಚ್ಚುತ್ತದೆ. “ದೊಡ್ಡ ಕಾಯಿ ಬೇಕಾದರೆ ಬಳ್ಳಿಗೆ ಒಂದನ್ನೇ ಉಳಿಸಿ, ಮಿಕ್ಕಿದ್ದನ್ನು ಎಳೆಯದಿರುವಾಗಲೇ ಪಲ್ಯ ಮಾಡಬೇಕು” ಎಂದರು.

ಹೊನ್ನಾಳಿಯಲ್ಲಿ ತುಂಗಭದ್ರೆಯ ದಡದಲ್ಲಿ ಸ್ವಲ್ಪ ಹೊತ್ತು ನಿಂತೆ. ಹರಿಯುವ ನದಿಯ ಬಳಿಯಿದ್ದರೂ ವುಝೂವಿನಲ್ಲಿ ನೀರು ಪೋಲು ಮಾಡಬಾರದೆಂಬ ಪ್ರವಾದಿವರ್ಯರ(ಸ) ಬೋಧನೆ ನೆನಪಾಯಿತು. ಮಕ್ಕಳಿಗೆ ಎಷ್ಟೋ ಸಲ ಇದನ್ನು ಕಲಿಸಿದ್ದೇನೆ. ಅದರ ಅರ್ಥ ಕಣ್ಣಾರೆ ಕಂಡದ್ದು ಮಾತ್ರ ಜಗಳೂರಿನಲ್ಲಿ.

ದಾವಣಗೆರೆ ದಾಟಿದ ಮೇಲೆ ಹಸಿರು ಕಡಿಮೆಯಾಗುತ್ತಾ ಬಂತು. ಖಾಲಾರ ಹಿತ್ತಲಲ್ಲಿ ಮಾತ್ರ ಅಗಲ ಎಲೆಗಳ ನಡುವೆ, ಒಣಹುಲ್ಲಿನ ಹಾಸಿಗೆಯ ಮೇಲೆ ಒಂದೇ ಒಂದು ಕುಂಬಳ ಮಲಗಿತ್ತು. ನೀರೆಲ್ಲಿಂದ ಎಂದು ಕೇಳಿದೆ. ಅವರು ವುಝೂ ಮಾಡುವ ಕಲ್ಲಿನತ್ತ ಕೈ ತೋರಿಸಿದರು. ಅಲ್ಲಿಂದ ಸಣ್ಣ ಕಾಲುವೆಯೊಂದು ನೇರ ಬಳ್ಳಿಯ ಬುಡಕ್ಕೆ ಹೋಗಿತ್ತು. ಮನೆಯಲ್ಲಿ ಆರು ಮಂದಿ, ದಿನಕ್ಕೆ ಐದು ಹೊತ್ತು. ತಲಾ ಒಂದೊಂದು ಲೀಟರಾದರೂ ಮೂವತ್ತು ಲೀಟರ್! ಸೋಪಿಲ್ಲದ ನೀರು, ಬಳ್ಳಿಗೂ ಒಳ್ಳೆಯದು. ಗುಂಡಿಗೆ ಕೊಟ್ಟಿಗೆ ಗೊಬ್ಬರ ತುಂಬಿ, ಹಬ್ಬಿದ ಬಳ್ಳಿಯ ಗೆಣ್ಣುಗಳನ್ನು ಮಣ್ಣಿನಿಂದ ಮುಚ್ಚಿದ್ದರು. ಅಲ್ಲೆಲ್ಲ ಹೊಸ ಬೇರು ಇಳಿದಿತ್ತು. “ಹೋದ ವರ್ಷ ಹುಲ್ಲು ಹಾಸಲಿಲ್ಲ, ಕಾಯಿ ತಳದಲ್ಲೇ ಕೊಳೆತು ಹೋಯ್ತು. ಎರಡು ದಿನ ಊಟ ಸೇರಲಿಲ್ಲ” ಎಂದರು.

ಮರುದಿನ ಕೊಯ್ದು ಅಂಗಡಿಯ ತಕ್ಕಡಿಯಲ್ಲಿಟ್ಟರೆ ಹದಿನೆಂಟು ಕೆ.ಜಿ.! 2025ರಲ್ಲಿ ಇಂಗ್ಲೆಂಡಿನ ಅವಳಿ ಸಹೋದರರು 1,278 ಕೆ.ಜಿ.ಯ ಕುಂಬಳ ಬೆಳೆದು ವಿಶ್ವದಾಖಲೆ ಮಾಡಿದ್ದನ್ನು ಹೇಳಿದೆ. ಖಾಲಾ ನಕ್ಕು, “ಯಾ ಅಲ್ಲಾಹ್, ಅದನ್ನ ಹಂಚೋಕೆ ಊರಿಗೆ ಊರೇ ಬೇಕಲ್ಲ!” ಎಂದರು.

ಹಂಚುವುದೇ ಅವರ ಲೆಕ್ಕ. ಬೀದಿಯ ಹದಿನಾಲ್ಕು ಮನೆಗಳಿಗೂ, ಧರ್ಮ ಯಾವುದೆಂದು ನೋಡದೆ, ಒಂದೊಂದು ಹೋಳು ಹೋಯಿತು. ಉಳಿದದ್ದು ನಮ್ಮ ಸಾರಿಗೆ ಬಂತು. ಪ್ರವಾದಿವರ್ಯರು(ಸ) ಸಾರಿನಲ್ಲಿದ್ದ ದುಬ್ಬಾದ ಹೋಳುಗಳನ್ನು ಹುಡುಕಿ ತಿನ್ನುತ್ತಿದ್ದುದನ್ನು ಕಂಡು, ಅಂದಿನಿಂದ ತಮಗೂ ಅದು ಇಷ್ಟವಾಯಿತೆಂದು ಅನಸ್(ರ) ಹೇಳಿದ್ದಾರೆ. ಅದು ಸೋರೆ ಜಾತಿಯ ಕಾಯಿ. ನಮ್ಮ ಸಿಹಿಗುಂಬಳ ಅಮೆರಿಕ ಖಂಡದಿಂದ ಬಂದ ಅದರದೇ ಬಳಗ.

ಬರುವಾಗ ಖಾಲಾ ಕಾಗದದಲ್ಲಿ ಹತ್ತು ಬೀಜ ಕಟ್ಟಿಕೊಟ್ಟರು. ನಮ್ಮ ಮನೆಯ ವುಝೂ ನೀರು ಇಷ್ಟು ವರ್ಷ ಚರಂಡಿಗೆ ಹೋಗುತ್ತಿತ್ತು. ಇನ್‌ಶಾ ಅಲ್ಲಾಹ್, ಇನ್ನು ಹೋಗದು.