ಗುಬ್ಬಿಮರಿಗೆ ಹಾಲು ಕುಡಿಸಿದ ದಿನ

ಮಕ್ಕಳೇ, ಗೂಡಿನಿಂದ ಬಿದ್ದ ಹಕ್ಕಿಮರಿ ನಿಮಗೆ ಸಿಕ್ಕರೆ ಏನು ಮಾಡುವಿರಿ? ನಾಲ್ಕನೇ ತರಗತಿಯಲ್ಲಿದ್ದಾಗ ನಾನು ಮಾಡಿದ್ದನ್ನು ಹೇಳುತ್ತೇನೆ. ನೀವು ಹಾಗೆ ಮಾಡಬೇಡಿ.

ಸುರಪುರ ಸೀಮೆಯ ಕೊಡೇಕಲ್‌ನಲ್ಲಿ ನಮ್ಮದು ಮಾಳಿಗೆ ಮನೆ. ಜಂತಿಯ ಸಂದಿನಲ್ಲಿ ಗುಬ್ಬಿಗಳು ಗೂಡು ಕಟ್ಟುತ್ತಿದ್ದವು. ಒಂದು ಬೇಸಿಗೆಯ ಮಧ್ಯಾಹ್ನ ಪುಕ್ಕ ಮೂಡದ, ಕಣ್ಣು ತೆರೆಯದ ಮರಿಯೊಂದು ಪಡಸಾಲೆಯಲ್ಲಿ ಬಿದ್ದಿತ್ತು. ಮನುಷ್ಯರು ಮುಟ್ಟಿದ ಮರಿಯನ್ನು ತಾಯಿ ಹತ್ತಿರ ಸೇರಿಸುವುದಿಲ್ಲ ಎಂದು ಗೆಳೆಯರು ಹೇಳಿದರು. ನಾನು ನಂಬಿದೆ. ಮರಿಯನ್ನು ಬುಟ್ಟಿಯಲ್ಲಿಟ್ಟು, ಹತ್ತಿಯ ಬತ್ತಿಯಿಂದ ಬಾಯಿಗೆ ಹಾಲು ಬಿಟ್ಟೆ. "ಅದೇನು ಎಮ್ಮಿ ಕರ ಏನೋ, ಹಾಲು ಕುಡ್ಸಲಾಕ?" ಎಂದಳು ಅವ್ವ. ನಾನು ಕೇಳಲಿಲ್ಲ. ಸಂಜೆಗೆ ಮರಿ ಸತ್ತಿತು. ತಾಯಿಗುಬ್ಬಿ ಮಾತ್ರ ಕತ್ತಲಾಗುವವರೆಗೂ ಕೊಕ್ಕಿನಲ್ಲಿ ಹುಳು ಹಿಡಿದು ಗೂಡಿಗೆ ಬರುತ್ತಲೇ ಇತ್ತು.

ನನ್ನ ತಪ್ಪುಗಳು ಯಾವುವು? ಹಕ್ಕಿಗಳು ಸಸ್ತನಿಗಳಲ್ಲ. ಹಸು, ಎಮ್ಮೆಯ ಹಾಲಿನಲ್ಲಿರುವ ಸಕ್ಕರೆ ಅವುಗಳಿಗೆ ಅರಗುವುದಿಲ್ಲ. ಹಕ್ಕಿಯ ಶ್ವಾಸನಾಳದ ಬಾಯಿ ನಾಲಿಗೆಯ ಬುಡದಲ್ಲೇ ಇದೆ. ನಾವು ಬಿಟ್ಟ ಹಾಲು ಅಥವಾ ನೀರು ಅಲ್ಲಿಂದ ಶ್ವಾಸಕೋಶಕ್ಕೆ ಇಳಿದರೆ ಮರಿ ಉಸಿರುಗಟ್ಟಿ ಸಾಯಬಹುದು. ಕಾಳು ತಿನ್ನುವ ಗುಬ್ಬಿಯೂ ಎಳೆಯ ಮರಿಗೆ ಹುಳುಗಳನ್ನೇ ಉಣಿಸುತ್ತದೆ. ಮರಿಗೆ ಬೇಕಾದ ನೀರೂ ಅದರಲ್ಲೇ ಸಿಗುತ್ತದೆ. ಇನ್ನು, ನಾವು ಮುಟ್ಟಿದ ಮಾತ್ರಕ್ಕೆ ತಾಯಿ ಮರಿಯನ್ನು ಬಿಡುವುದಿಲ್ಲ.

ಹಾಗಾದರೆ ಏನು ಮಾಡಬೇಕು? ಪುಕ್ಕವಿಲ್ಲದ ಮರಿಯನ್ನು ಮೆಲ್ಲಗೆ ಎತ್ತಿ, ದೊಡ್ಡವರ ನೆರವಿನಿಂದ ಗೂಡಿಗೆ ಸೇರಿಸಿ. ಆಮೇಲೆ ಕೈ ತೊಳೆದುಕೊಳ್ಳಿ. ಗೂಡು ಹಾಳಾಗಿದ್ದರೆ ಸಣ್ಣ ಬುಟ್ಟಿಗೆ ಒಣಹುಲ್ಲು ಹಾಸಿ, ಮರಿಯನ್ನಿಟ್ಟು, ಅದೇ ಜಾಗದ ಹತ್ತಿರ ಕಟ್ಟಿ ದೂರ ನಿಂತು ನೋಡಿ. ಪುಕ್ಕ ಬಲಿತು ಕುಪ್ಪಳಿಸುವ ಮರಿ ಸಾಮಾನ್ಯವಾಗಿ ಅನಾಥವಲ್ಲ. ಅದು ಹಾರಲು ಕಲಿಯುತ್ತಿರುತ್ತದೆ. ಬೆಕ್ಕು, ನಾಯಿಗೆ ಸಿಗದಂತೆ ಹತ್ತಿರದ ಪೊದೆಯ ಮೇಲೆ ಇಟ್ಟರೆ ಸಾಕು. ಗಾಯವಾಗಿದ್ದರೆ ಅಥವಾ ತಾಯಿ ಬಾರದೇ ಹೋದರೆ, ತೂತು ಮಾಡಿದ ರಟ್ಟಿನ ಪೆಟ್ಟಿಗೆಯಲ್ಲಿ ಬೆಚ್ಚಗಿಟ್ಟು ಪಶುವೈದ್ಯರಿಗೆ ಇಲ್ಲವೇ ಅರಣ್ಯ ಇಲಾಖೆಯವರಿಗೆ ತಿಳಿಸಿ. ಮನೆಯಲ್ಲೇ ಸಾಕಿಕೊಳ್ಳಬೇಡಿ. ಗಿಳಿ ಮೊದಲಾದ ನಮ್ಮ ನಾಡಿನ ಕಾಡುಹಕ್ಕಿಗಳನ್ನು ಪಂಜರದಲ್ಲಿಡುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಂತೆ ಅಪರಾಧ.

ಎಷ್ಟೋ ವರ್ಷಗಳ ನಂತರ ಅದೇ ಜಂತಿಯಿಂದ ಇನ್ನೊಂದು ಮರಿ ಬಿತ್ತು. ಈ ಸಲ ಏಣಿ ಹಾಕಿ ಗೂಡಿಗೆ ಸೇರಿಸಿದೆ. ಸ್ವಲ್ಪ ಹೊತ್ತಿಗೆ ತಾಯಿ ಹಸಿರು ಹುಳುವಿನೊಂದಿಗೆ ಬಂತು. ನಾನು ಮಾಡಿದ್ದು ಅಷ್ಟೇ. ಉಳಿದದ್ದನ್ನು ಅದೇ ಮಾಡಿತು.

ನಿಮ್ಮ ಮನೆ ಅಥವಾ ಶಾಲೆಯ ಬಳಿ ಮರಿಗಳಿರುವ ಗುಬ್ಬಿಗೂಡು ಇದೆಯೇ? ತಂದೆ ತಾಯಿ ಗುಬ್ಬಿಗಳು ಒಂದು ಗಂಟೆಯಲ್ಲಿ ಎಷ್ಟು ಸಲ ಆಹಾರ ತರುತ್ತವೆ? ದೂರದಿಂದಲೇ ಎಣಿಸಿ, ಬರೆದಿಡಿ.