ಗಿರಕಿ ಬಿಡಿಸುವ ಬಾಲ

ವಿಮಾನದ ಮಾದರಿ ಮಾಡುವವರಲ್ಲಿ ಹೆಚ್ಚಿನವರಿಗೆ ರೆಕ್ಕೆಯ ಮೇಲೆ ಮೋಹ. ನನಗೆ ಬಾಲದ ಮೇಲೆ. ನಾನಿರುವ ಕುಲಶೇಖರದಲ್ಲಿ ಮಳೆ ಹಿಡಿಯಿತೆಂದರೆ ಹೊರಗೆ ಹಾರಿಸುವ ಮಾತೇ ಇಲ್ಲ. ಬಾಲ್ಸಾ ಹಾಳೆ, ಬ್ಲೇಡು, ಸ್ಯಾಂಡ್ ಪೇಪರ್ ಹರಡಿಕೊಂಡು ಬಾಲ ಕೊರೆಯುತ್ತ ಕೂತರೆ ಹೊತ್ತು ಹೋದದ್ದೇ ತಿಳಿಯುವುದಿಲ್ಲ.

ವೇಗ ಕಳೆದುಕೊಂಡ ವಿಮಾನದ ಒಂದು ರೆಕ್ಕೆ ಇನ್ನೊಂದಕ್ಕಿಂತ ಹೆಚ್ಚು ಸೋತರೆ, ಅದು ಆ ಕಡೆಗೆ ವಾಲಿ ಗಿರಗಿರನೆ ಸುತ್ತುತ್ತ ಇಳಿಯತೊಡಗುತ್ತದೆ. ಅದೇ ಸ್ಪಿನ್. ಬಿಡಿಸಿಕೊಳ್ಳಲು ಪೈಲಟ್ ಸಾಮಾನ್ಯವಾಗಿ ಎಂಜಿನ್ ತಗ್ಗಿಸಿ, ಸುತ್ತಿಗೆ ಎದುರಾಗಿ ರಡ್ಡರ್ (ನೆಟ್ಟಗಿನ ಬಾಲದ ಹಿಂದಂಚಿನಲ್ಲಿ ತಿರುಗುವ ಭಾಗ) ಒತ್ತಿ, ಸ್ಟಿಕ್ಕನ್ನು ಮುಂದಕ್ಕೆ ತಳ್ಳುತ್ತಾರೆ. ಆದರೆ ರಡ್ಡರಿಗೆ ಗಾಳಿ ಸಿಗಬೇಕಲ್ಲ! ಸ್ಪಿನ್ನಿನಲ್ಲಿ ಗಾಳಿ ಬಡಿಯುವುದು ಹೆಚ್ಚಾಗಿ ಹೊಟ್ಟೆಯ ಕಡೆಯಿಂದ. ಅಡ್ಡಬಾಲ ಅದನ್ನು ತಡೆದು, ಮೇಲೆ ನಿಂತ ರಡ್ಡರಿಗೆ ಬರಿಯ ಕದಡಿದ ಗಾಳಿ ಉಳಿಸುತ್ತದೆ.

ಬೆಂಗಳೂರಿನ ಎಚ್‌ಎಎಲ್‌ನ ಎಚ್‌ಜೆಟಿ-36 ತರಬೇತಿ ವಿಮಾನ ಮೊದಲು ಹಾರಿದ್ದು 2003ರ ಮಾರ್ಚ್‌ನಲ್ಲಿ. ನೋಡಲು ಚೆಂದ, ಸ್ಪಿನ್ ಮಾತ್ರ ವರ್ಷಗಟ್ಟಲೆ ಕಗ್ಗಂಟಾಗಿಯೇ ಉಳಿಯಿತು. ತರಬೇತಿ ವಿಮಾನಕ್ಕೆ ಅದು ಸಣ್ಣ ಕೊರತೆಯಲ್ಲ, ಸ್ಪಿನ್ ಕಲಿಸುವುದೂ ಅದರ ಕೆಲಸ. ಎಂಜಿನಿಯರುಗಳು ಗಾಳಿಸುರಂಗದ ಪರೀಕ್ಷೆಗಳನ್ನು ನಂಬಿ ನೆಟ್ಟಗಿನ ಬಾಲವನ್ನು ಹಿಂದಕ್ಕೆ ಸರಿಸಿದರು, ರಡ್ಡರನ್ನು ದೊಡ್ಡದು ಮಾಡಿದರು. ಹೀಗೆ ಬದಲಾದ ವಿಮಾನ 2019ರಲ್ಲಿ ಮತ್ತೆ ಹಾರಿತು. ಎಡಕ್ಕೂ ಬಲಕ್ಕೂ ಆರಾರು ಸುತ್ತು ಸ್ಪಿನ್ ಮಾಡಿ ಹೊರಬಂದ ಸುದ್ದಿ 2022ರ ಜನವರಿಯಲ್ಲಿ ಬಂದಾಗ ನನಗಾದ ಸಂತೋಷ ಅಷ್ಟಿಷ್ಟಲ್ಲ. ಬಿಟ್ಟುಬಿಡದೆ ಬಾಲವನ್ನೇ ಮತ್ತೆ ಕೆತ್ತಿದ ಆ ತಾಳ್ಮೆಗೆ ನಾನು ಕೈಮುಗಿಯುತ್ತೇನೆ.

ಆ ಬಾಲವನ್ನು ಮನಸ್ಸಿನಲ್ಲಿಟ್ಟು ಒಂದೇ ಒಡಲಿಗೆ ಎರಡು ಬಾಲ ಮಾಡಿದೆ: ಒಂದು ಹಳೆಯ ಜಾಗದಲ್ಲಿ ಕೂರುವಂಥದ್ದು, ಇನ್ನೊಂದು ಹಿಂದಕ್ಕೆ ಸರಿದದ್ದು. ರಡ್ಡರಿನ ಮೇಲೆಲ್ಲ ಹೊಲಿಗೆ ದಾರದ ತುಂಡುಗಳನ್ನು ಅಂಟಿಸಿ ಟೇಬಲ್ ಫ್ಯಾನಿನ ಮುಂದೆ ಹಿಡಿದೆ. ಮೂಗಿಗೆ ಗಾಳಿ ಬಿದ್ದಾಗ ಎರಡರ ದಾರಗಳೂ ನೆಟ್ಟಗೆ ಹಿಂದಕ್ಕೆ. ಹೊಟ್ಟೆಯನ್ನು ಫ್ಯಾನಿನ ಕಡೆಗೆ ತಿರುಗಿಸುತ್ತ ಹೋದಂತೆ ಮೊದಲ ಬಾಲದ ದಾರಗಳು ಒಂದೊಂದಾಗಿ ದಿಕ್ಕು ತಪ್ಪಿ ಅತ್ತಿತ್ತ ತಡಕಾಡಿದವು. ಹಿಂದಕ್ಕೆ ಸರಿದ ಬಾಲದ ಅಂಚಿನಲ್ಲಿ ನಾಲ್ಕಾರು ಎಳೆ ಇನ್ನೂ ಬಿಗಿಯಾಗಿ ನಿಂತಿದ್ದವು. ರಡ್ಡರಿನ ಬಲವೆಲ್ಲ ಆ ಅಂಚಿನಲ್ಲೇ!

ಅಡ್ಡಬಾಲವನ್ನು ನೆಟ್ಟಗಿನ ಬಾಲದ ತುದಿಗೇರಿಸಿದರೂ ರಡ್ಡರ್ ಮರೆಯಿಂದ ಪಾರಾಗುತ್ತದೆ. ಆದರೆ ವಿಮಾನ ಮೂಗೆತ್ತಿ ಸೋತಾಗ ರೆಕ್ಕೆಯ ಕದಡಿದ ಗಾಳಿ ಆ ಅಡ್ಡಬಾಲವನ್ನೇ ಮುಳುಗಿಸಬಹುದು. ನನ್ನ ಒಲವು ಅಡ್ಡಬಾಲದ ಕೆಳಗೂ ಇಳಿದ ರಡ್ಡರಿನ ಕಡೆಗೆ. ಕೆಲಸ ಜಾಸ್ತಿ ನಿಜ: ಅಡ್ಡಬಾಲದ ಹಿಂದಂಚಿನ ಎಲಿವೇಟರಿನ ನಡುವೆ ರಡ್ಡರ್ ಎರಡೂ ಕಡೆ ತಾಗದೆ ತಿರುಗುವಷ್ಟು ಕಚ್ಚು ತೆಗೆಯಬೇಕು, ಅದನ್ನು ಉಜ್ಜಿ ಉಜ್ಜಿ ಕೂರಿಸುವುದರಲ್ಲೇ ಒಂದು ಮಧ್ಯಾಹ್ನ ಹೋಗುತ್ತದೆ.