ಕೊಡೆ ಬಟ್ಟೆಯ ನಿಂಜಾಗಳು

ಒಂದು ಕೊಡೆಗೆ ಮೂರು ಮುಸುಕು. ನಾಲ್ಕನೆಯದಕ್ಕೆ ಬಟ್ಟೆ ಸಾಲುವುದಿಲ್ಲ. ಈ ಲೆಕ್ಕ ನನಗೆ ತಿಳಿದದ್ದು ಆರನೇ ಕ್ಲಾಸಿನ ಬೇಸಿಗೆ ರಜೆಯಲ್ಲಿ, ಅಪ್ಪನ ಕೊಡೆಯ ಮೇಲೆ ಅಮ್ಮನ ಕತ್ತರಿ ಆಡಿಸಿದಾಗ.

ಇದಕ್ಕೆಲ್ಲ ಮೂಲ 1985ರ ‘ಅಮೆರಿಕನ್ ನಿಂಜಾ’. ಬೀರೂರಿನ ನಮ್ಮ ಬೀದಿಗೆ ಅದು ಬಂದದ್ದು ಎರಡು ವರ್ಷ ತಡವಾಗಿ, ನಕಲಿನ ನಕಲಾಗಿ. ಆಗ ಟಿ.ವಿ., ವಿ.ಸಿ.ಆರ್. ಎರಡನ್ನೂ ಒಂದು ರಾತ್ರಿಯ ಬಾಡಿಗೆಗೆ ತರುತ್ತಿದ್ದರು. ಮೊದಲು ರಾಜ್‌ಕುಮಾರ್, ಆಮೇಲೆ ಒಂದು ಹಿಂದಿ. ಹಿರಿಯರೆಲ್ಲ ಆಕಳಿಸುತ್ತ ಎದ್ದುಹೋದ ಮೇಲೆ, ಕೊಟ್ಟ ದುಡ್ಡು ದಂಡವಾಗಬಾರದೆಂದು, ‘ಫೈಟಿಂಗ್ ಪಿಕ್ಚರ್’. ತೆರೆಯ ಬುಡದಲ್ಲಿ ಬಿಳಿ ಗೆರೆ ಕುಣಿಯತೊಡಗಿದರೆ ವಿ.ಸಿ.ಆರ್. ತಂದ ಹುಡುಗ ಗರಿಗರಿ ನೋಟೊಂದನ್ನು ಒಳಗೆ ತೂರಿಸಿ ಹೆಡ್ಡು ಉಜ್ಜುತ್ತಿದ್ದ. ಇಂಗ್ಲಿಷ್ ನಮಗ್ಯಾರಿಗೂ ಬಾರದು. ಬೇಕಾಗಲೂ ಇಲ್ಲ.

ಆ ಚಿತ್ರ ಮಾಡಿದ ಕ್ಯಾನನ್ ಕಂಪನಿಯ ಕಥೆ ಓದಿದ್ದು ಎಷ್ಟೋ ವರ್ಷದ ಮೇಲೆ. ಇಸ್ರೇಲಿನ ಮೆನಾಹೆಮ್ ಗೋಲನ್, ಅವನ ದಾಯಾದಿ ಯೋರಾಮ್ ಗ್ಲೋಬಸ್ ಸೇರಿ 1979ರಲ್ಲಿ ಸೊರಗಿಹೋಗಿದ್ದ ಆ ಅಮೆರಿಕನ್ ಕಂಪನಿಯನ್ನು ಕೊಂಡರು. ಎಷ್ಟೋ ಸಲ ಪೋಸ್ಟರ್ ಮೊದಲು, ಕಥೆ ಆಮೇಲೆ. ಕಾನ್ ಚಿತ್ರೋತ್ಸವದ ಸಂತೆಯಲ್ಲಿ ಪೋಸ್ಟರ್ ತೋರಿಸಿ ದೇಶಕ್ಕೊಂದರಂತೆ ಹಕ್ಕು ಮಾರುವುದು, ಆ ಕರಾರಿನ ಮೇಲೆ ಸಾಲ ಎತ್ತುವುದು, ಆಮೇಲೆ ಕ್ಯಾಮೆರಾ ಹೂಡುವುದು. ಮಂಡಿಯವನ ಮುಂಗಡದಲ್ಲೇ ಬೀಜ ಕೊಳ್ಳುವ ನಮ್ಮ ಕಡೆಯ ಈರುಳ್ಳಿ ಬೆಳೆಗಾರರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಕ್ಯಾನನ್‌ನವರ 1981ರ ‘ಎಂಟರ್ ದ ನಿಂಜಾ’ ನೋಡಿ. ಕಥೆ ತಂದವನು ಕರಾಟೆ ಪಟು ಮೈಕ್ ಸ್ಟೋನ್. ನಾಯಕನೂ ಅವನೇ ಆಗಬೇಕಿತ್ತು. ಕೊನೆಗೆ ಆ ಜಾಗಕ್ಕೆ ಬಂದವನು ಇಟಲಿಯ ಫ್ರಾಂಕೋ ನೀರೋ. ಮೀಸೆ ಉಂಟು, ಕಣ್ಣು ಉಂಟು, ವಿದ್ಯೆ ಇಲ್ಲ. ಆದರೆ ನಿಂಜಾಗೆ ಮುಸುಕಿದೆಯಲ್ಲ! ಮಾತಿಗೆ ನೀರೋ, ಹೊಡೆದಾಟಕ್ಕೆ ಮುಸುಕಿನೊಳಗೆ ಸ್ಟೋನ್. ಪಾತ್ರ ಕೈತಪ್ಪಿದವನು ಮುನಿಸಿಕೊಂಡು ಊರಿಗೆ ಹೊರಡದೆ ಅದೇ ಪಾತ್ರದ ಕೈಕಾಲಾಗಿ ಉಳಿದ. ನಾನಾಗಿದ್ದರೆ ಖಂಡಿತ ಉಳಿಯುತ್ತಿರಲಿಲ್ಲ.

ದುಡ್ಡಿಲ್ಲದಿದ್ದರೆ ಬುದ್ಧಿ ಎಲ್ಲೆಲ್ಲಿಗೋ ಓಡುತ್ತದೆ. ಅದೇ ಕ್ಯಾನನ್‌ನವರ 1985ರ ‘ಇನ್ವೇಷನ್ ಯು.ಎಸ್.ಎ.’ಗೆ ಒಂದು ಬಡಾವಣೆ ಸಿಡಿಯಬೇಕಿತ್ತು. ಅಟ್ಲಾಂಟಾದಲ್ಲಿ ವಿಮಾನ ನಿಲ್ದಾಣಕ್ಕಾಗಿ ಹೇಗೂ ಕೆಡವಲಿದ್ದ ಮನೆಗಳು ಸಿಕ್ಕವು, ಅವನ್ನೇ ಉಡಾಯಿಸಿದರು. ಅಲ್ಲಿ ಹಾರುವ ಹಲಗೆ ನಿಜವಾದ ಹಲಗೆ, ಯಾರದೋ ಮನೆಯದು. ಇವತ್ತಿನ ಕಂಪ್ಯೂಟರ್ ಬೆಂಕಿಗೆ ನನ್ನ ರೆಪ್ಪೆ ಅಲುಗುವುದಿಲ್ಲ. ಆ ಹಲಗೆ ಕಂಡರೆ ಈಗಲೂ ತಲೆ ತಗ್ಗಿಸುತ್ತೇನೆ.

ಮೊನ್ನೆ ‘ಅಮೆರಿಕನ್ ನಿಂಜಾ’ವನ್ನು ಮತ್ತೆ ಹಾಕಿಕೊಂಡು ಕೂತೆ. ನಾಯಕ ಮೈಕೆಲ್ ಡುಡಿಕಾಫ್ ಮುಖದಲ್ಲಿ ನಿದ್ದೆಗಣ್ಣಿನ ಸೌಮ್ಯತೆ. ಅವನ ಮೇಲೆ ಬೀಳಬೇಕಾದ ನಿಂಜಾಗಳು ಒಟ್ಟಿಗೆ ನುಗ್ಗುವುದಿಲ್ಲ. ನ್ಯಾಯಬೆಲೆ ಅಂಗಡಿಯ ಮುಂದೆ ನಿಂತವರಂತೆ ಸರದಿಗೆ ಕಾಯುತ್ತಾರೆ. ಕೊನೆಯಲ್ಲಿ ಕರಿ ನಿಂಜಾ ಲೇಸರ್ ಬಿಡುತ್ತಾನೆ. ಯಾಕೆಂದು ಕೇಳಬಾರದು. ಮುಸುಕಿನೊಳಗೆ ಯಾರಿದ್ದರೇನು? ಹೋದ ದೃಶ್ಯದಲ್ಲಿ ಸತ್ತವನೇ ಈ ದೃಶ್ಯದಲ್ಲಿ ಗೋಡೆ ಹತ್ತುತ್ತಿದ್ದರೂ ನಮಗೆ ತಿಳಿಯದು.

ನಮ್ಮಲ್ಲೂ ಅದೇ ಏರ್ಪಾಡು. ಹುಡುಗರು ಆರು, ಮುಸುಕು ಮೂರು. ಸತ್ತವನು ಮಣ್ಣು ಕೊಡವಿಕೊಂಡು ಎದ್ದು, ಬೆವರಿನಲ್ಲಿ ನೆಂದ ಮುಸುಕನ್ನು ಮುಂದಿನವನಿಗೆ ಕಟ್ಟಬೇಕು. ಗೋಲ್ಡ್ ಸ್ಪಾಟ್ ಮುಚ್ಚಳಗಳನ್ನು ರೈಲು ಹಳಿಯ ಮೇಲಿಟ್ಟು ಚಪ್ಪಟೆ ಮಾಡಿಸಿದ್ದೆವು; ಎಸೆಯುವ ಚಕ್ರಗಳು. ಒಂದು ನನ್ನದೇ ಹುಬ್ಬು ಸೀಳಿತು. ಬಾಗಿಲಿಗೆ ಬಡಿಸಿಕೊಂಡೆ ಎಂದು ಮನೆಯಲ್ಲಿ ಹೇಳಿದೆ.

ಕೊಡೆಯ ಉಳಿದ ಚೂರನ್ನು ಕಡ್ಡಿಗಳಿಗೆ ಬಿಗಿಯಾಗಿ ಸುತ್ತಿ, ಪಟ್ಟಿಯ ಗುಂಡಿ ಹಾಕಿ, ಬಾಗಿಲ ಮೂಲೆಗೆ ಒರಗಿಸಿದ್ದೆ. ನೋಡಿದರೆ ಕೊಡೆಯೇ. ಜೂನ್‌ನಲ್ಲಿ ಒಂದು ಬೆಳಿಗ್ಗೆ ಅಪ್ಪ ಅದನ್ನು ಕಂಕುಳಲ್ಲಿ ಇರಿಸಿಕೊಂಡು ಆಫೀಸಿಗೆ ಹೊರಟರು. ಬಸ್ ಸ್ಟ್ಯಾಂಡಿನಲ್ಲಿ ಹನಿ ಬಿತ್ತಂತೆ. ಹತ್ತಾರು ಜನರ ನಡುವೆ ಅವರು ಗುಂಡಿ ಬಿಚ್ಚಿ, ತಲೆಯ ಮೇಲೆ ಎತ್ತಿ ಹಿಡಿದು, ಒತ್ತಿದರು. ಎಂಟು ಕಡ್ಡಿಗಳೂ ಒಂದೂ ತಪ್ಪದೆ ಬಿಚ್ಚಿಕೊಂಡವು.